ಕೋಲುಕುದುರೆಯೂ ಕಂಪೆನಿ ನಾಟಕವೂ

ನಮ್ಮ ತುಮಕೂರು ಜಿಲ್ಲೆಯಲ್ಲಿ ಕುಣಿಗಲಿಗೆ ಕುದುರೆಗಳಿಂದ ಖ್ಯಾತಿ, ಗುಬ್ಬಿಗೆ ನಾಟಕದಿಂದ ಖ್ಯಾತಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆಂದು ಕುದುರೆ ಸಾಕಿದ ಕುಣಿಗಲಿನಲ್ಲಿ ಮುಂದೆ ಪಂದ್ಯದ ಕುದುರೆಗಳೂ ಬೆಳೆದುವು. ಆದರೆ ನಾನು ಮೊದಲು ಹೇಳಹೊರಟಿರುವುದು ಆ ಜಾತಿವಂತ ಕುದುರೆಗಳ ಮಾತಲ್ಲ. ಹುಲ್ಲು ಹುರುಳಿಗಳ ಖರ್ಚಿಲ್ಲದೆ ಊರೂರಿನ ಓಣಿಯಲ್ಲಿಯೂ ಓಡುವ ಇನ್ನೊಂದು ಕುದುರೆಯುಂಟು. ನಾಲ್ಕು ವರ್ಷದ ಹುಡುಗನೊಬ್ಬನು ಒಂದು ಕೋಲನ್ನು ಕಾಲುಗಳ ನಡುವೆ ಇಟ್ಟುಕೊಂಡು "ಹೇ, ಹೇ" ಎಂದೊಡನೆ ಅದು ಹುಟ್ಟುತ್ತದೆ. ಅಮ್ಮ ಊಟಕ್ಕೆ ಕರೆದೊಡನೆ ಮತ್ತೆ ಕೋಲಾಗಿ ಮೂಲೆ ಸೇರುತ್ತದೆ.

ಇದು ಬರಿಯ ಹುಡುಗಾಟವೆಂದು ನಾವು ನಗುತ್ತೇವೆ. ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರಲ್ಲಿ ಮಕ್ಕಳ ಆಟವನ್ನು ಕುರಿತು ಉಪನ್ಯಾಸ ಮಾಡಿದಾಗ ಇದೇ ಕೋಲುಕುದುರೆಯನ್ನು ಉದಾಹರಣೆಯಾಗಿ ಎತ್ತಿಕೊಂಡನು. ಕಣ್ಣಿಗೆ ಕಾಣುವುದು ಕೋಲು, ಮನಸ್ಸಿನಲ್ಲಿರುವುದು ಕುದುರೆ. ವಸ್ತುವಿನಿಂದ ಅರ್ಥವನ್ನು ಬೇರ್ಪಡಿಸಿ ಹಿಡಿಯುವ ಶಕ್ತಿ ಮಗುವಿಗೆ ಇಲ್ಲಿಂದ ಮೊದಲಾಗುತ್ತದೆ ಎಂಬುದು ಆತನ ವಾದದ ಸಾರ. ಅಕ್ಷರಾಭ್ಯಾಸಕ್ಕೆ ಬೇಕಾದುದೂ ಈ ಶಕ್ತಿಯೇ ಅಲ್ಲವೆ? ಬಳಪದ ಗೀಟೊಂದು 'ಅ' ಎಂಬ ಧ್ವನಿಯಾಗಬೇಕಾದರೆ, ಕೋಲು ಕುದುರೆಯಾದುದನ್ನು ಮನಸ್ಸು ಮೊದಲೇ ಕಂಡಿರಬೇಕು. ಕಾಯಿಚಿಪ್ಪಿನಲ್ಲಿ ಮಣ್ಣಿನ ಅನ್ನ ಬೇಯಿಸುವ ಹುಡುಗಿಯೂ, ಹುಣಿಸೆಬೀಜ ಎಣಿಸಿ ಕೊಟ್ಟು ಅಂಗಡಿಯಾಟ ಆಡುವ ಹುಡುಗನೂ ಲೆಕ್ಕ, ಮಾತು, ಸರದಿ, ಮರ್ಯಾದೆ ಎಲ್ಲವನ್ನೂ ಕಲಿಯುತ್ತಿರುತ್ತಾರೆ. ಅಂಗಡಿಯಾಟದಲ್ಲಿ ಸಾಲ ಕೇಳುವವನಿಗೂ ಒಂದು ಮಾತಿನ ರೀತಿಯುಂಟು, ಕೊಡುವುದಿಲ್ಲ ಎನ್ನುವವನಿಗೂ ಒಂದುಂಟು. ಇವನ್ನು ಅವರಿಗೆ ಯಾವ ಪಠ್ಯಪುಸ್ತಕವೂ ಕಲಿಸಿರುವುದಿಲ್ಲ.

ಇನ್ನು ಗುಬ್ಬಿಯ ಮಾತು. ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಅಲ್ಲಿ 1884ರಲ್ಲಿ ಸ್ಥಾಪಿತವಾಯಿತು. 1891ರಲ್ಲಿ ಹುಟ್ಟಿದ ವೀರಣ್ಣನವರು ಚಿಕ್ಕ ಬಾಲಕನಾಗಿರುವಾಗಲೇ ಆ ಸಂಘವನ್ನು ಸೇರಿ, ಮುಂದೆ ಅದರ ಯಜಮಾನರಾಗಿ, ರಂಗದ ಮೇಲೆ ಆನೆ ಕುದುರೆಗಳನ್ನು ತಂದ 'ಕುರುಕ್ಷೇತ್ರ'ದಂತಹ ಪ್ರಯೋಗಗಳಿಂದ ನಾಡಿನ ಮನೆಮಾತಾದರು. ಲೋಹಿತಾಶ್ವ, ಪ್ರಹ್ಲಾದ, ಧ್ರುವ, ಬಾಲಕೃಷ್ಣ ಮೊದಲಾದ ಪಾತ್ರಗಳಿಗೆ ಕಂಪೆನಿ ನಾಟಕಗಳಲ್ಲಿ ಸದಾ ಮಕ್ಕಳು ಬೇಕಾಗುತ್ತಿದ್ದರು. ಹೀಗೆ ಎಷ್ಟೋ ಮಕ್ಕಳಿಗೆ ಕಂಪೆನಿಯೇ ಮನೆ, ಕಂಪೆನಿಯೇ ಮಠ. ಆ ಮಠದ ವಿದ್ಯೆ ಸಾಮಾನ್ಯವಾದುದೆಂದು ಯಾರೂ ಹೇಳಲಾರರು. ಮುಂದೆ ಸಂಸ್ಕೃತದ ಮೊದಲ ಚಲನಚಿತ್ರವನ್ನು ನಿರ್ದೇಶಿಸಿದ ಜಿ. ವಿ. ಅಯ್ಯರ್ ಬಾಲ್ಯದಲ್ಲಿಯೇ ಗುಬ್ಬಿ ಕಂಪೆನಿಯನ್ನು ಸೇರಿದವರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್, ತಂದೆಯ ಬೆನ್ನ ಹಿಂದೆಯೇ ಅದೇ ರಂಗಕ್ಕೆ ಬಂದು ಮುಂದೆ ರಾಜ್‌ಕುಮಾರ್ ಆದರು. ಶಾಲೆಯಲ್ಲಿ ಅವರು ಕಲಿತದ್ದು ಕೆಲವೇ ತರಗತಿ. ಆದರೂ ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನೂ, ಸಕಾರ ಶಕಾರಗಳ ಶುದ್ಧಿಯನ್ನೂ ಅವರ ಬಾಯಿಂದ ಕೇಳಿ ಕಲಿಯುವಂತಿತ್ತು. ವ್ಯಾಕರಣವನ್ನು ಹೇಳಿಕೊಡುತ್ತಲೇ ವಯಸ್ಸು ಕಳೆದ ನನ್ನಂತಹ ಪಂಡಿತರು ಇದನ್ನು ತಲೆಬಾಗಿ ಒಪ್ಪಬೇಕು.

ಆದರೆ ಒಪ್ಪುವಾಗ ಇನ್ನೊಂದು ಮಾತನ್ನು ಮರೆಯಲಾಗದು. ಕಂಪೆನಿಯ ಬಾಲನಟನಿಗೆ ನಾಟಕವು ಆಟವಾಗಿರಲಿಲ್ಲ, ಅನ್ನವಾಗಿತ್ತು. ಮಾತು ಕವಿಯದು, ಧಾಟಿ ಉಸ್ತಾದರದು, ಚಪ್ಪಾಳೆ ಟಿಕೆಟ್ಟು ಕೊಂಡವರದು. ಕೆಲವರು ಆ ಸಾಧನೆಯಿಂದ ಮಹಾನಟರಾದರು. ಉಳಿದ ಎಷ್ಟೋ ಮಕ್ಕಳು ಶಾಲೆಯನ್ನೂ ಬಾಲ್ಯವನ್ನೂ ಬಿಟ್ಟುಕೊಟ್ಟರು. ಓಣಿಯ ಕೋಲುಕುದುರೆಗೆ ಪ್ರೇಕ್ಷಕರಿಲ್ಲ, ತಪ್ಪಿದರೆ ಗದರುವವರಿಲ್ಲ; ಸವಾರನೇ ಕವಿ, ಸವಾರನೇ ಯಜಮಾನ. ಮಕ್ಕಳಿಂದ ನಾಟಕ ಮಾಡಿಸುವುದು ಬೇರೆ, ಮಕ್ಕಳು ನಾಟಕದಾಟ ಆಡುವುದು ಬೇರೆ. ಈ ಭೇದವನ್ನು ತಿಳಿಯದೆ ನಾವು ಉಪಾಧ್ಯಾಯರು ಅನೇಕ ತಪ್ಪುಗಳನ್ನು ಮಾಡಿದ್ದೇವೆ.

ನಾನೇ ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಾರ್ಷಿಕೋತ್ಸವಕ್ಕೆಂದು ಚಿಕ್ಕ ಮಕ್ಕಳಿಗೆ ದಶರಥನ ಆಸ್ಥಾನದ ದೃಶ್ಯವೊಂದನ್ನು ಕಲಿಸುವ ಭಾರ ನನ್ನ ಮೇಲೆ ಬಿದ್ದಿತು. ಆರು ವರ್ಷದ ಹುಡುಗನೊಬ್ಬನಿಗೆ ದ್ವಾರಪಾಲಕನ ಪಾತ್ರ. ವಿಶ್ವಾಮಿತ್ರರು ಬಂದಾಗ "ದಯಮಾಡಿಸಬೇಕು, ಮಹರ್ಷಿಗಳೇ" ಎನ್ನುವುದಷ್ಟೇ ಅವನ ಮಾತು. ಹುಡುಗ ಪ್ರತಿಸಲವೂ ಅದನ್ನು ಹೇಳಿ, ಕೊನೆಯಲ್ಲಿ "ಪಾದುಕೆ ಇಲ್ಲೇ ಬಿಡಿ, ನಾನು ನೋಡ್ಕೋತೀನಿ" ಎಂದು ತನ್ನದೊಂದು ಮಾತು ಸೇರಿಸುತ್ತಿದ್ದ. ಮಕ್ಕಳೆಲ್ಲ ನಗುತ್ತಿದ್ದರು. ಪೌರಾಣಿಕ ಗಾಂಭೀರ್ಯ ಕೆಟ್ಟಿತೆಂದು ನಾನು ಗದರಿದೆ. ಎರಡನೆಯ ಸಲ ಕಿವಿಯನ್ನೂ ಹಿಂಡಿದೆ. ಉತ್ಸವದ ದಿನ ಅವನು ಮೀಸೆ ಬರೆಸಿಕೊಂಡು, ಈಟಿ ಹಿಡಿದು, ನೆಟ್ಟಗೆ ನಿಂತ. ವಿಶ್ವಾಮಿತ್ರರು ಬಂದರು, ಇವನು ಬಾಯಿಯನ್ನೇ ತೆರೆಯಲಿಲ್ಲ. ಆ ವರ್ಷವೆಲ್ಲ ತರಗತಿಯಲ್ಲಿಯೂ ನನ್ನೆದುರು ಅವನು ಮಾತನಾಡಿದ್ದು ಕಡಮೆ. ದ್ವಾರಪಾಲಕನೆಂದರೆ ಏನೆಂಬುದನ್ನು ಆ ಆಸ್ಥಾನದಲ್ಲಿ ನಿಜವಾಗಿ ತಿಳಿದಿದ್ದವನು ಅವನೊಬ್ಬನೇ ಎಂಬುದು ನನಗೆ ಹೊಳೆಯಲು ಬಹಳ ವರ್ಷಗಳು ಬೇಕಾದುವು.

ಶಿಕ್ಷಣದ ಚರಿತ್ರೆಯಲ್ಲಿ ದೊಡ್ಡವರಿಗೂ ಇದು ಸುಲಭವಾಗಿ ಹೊಳೆದ ವಿಷಯವಲ್ಲ. ಜರ್ಮನಿಯಲ್ಲಿ ಫ್ರೋಬೆಲ್ ಮಹಾಶಯನು 1837ರಲ್ಲಿ ಆರಂಭಿಸಿದ ಶಿಶುಶಾಲೆಗೆ 1840ರಲ್ಲಿ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟು ಆಟಕ್ಕೆ ಶಾಲೆಯ ಬಾಗಿಲನ್ನು ತೆರೆದನು. 1907ರಲ್ಲಿ ರೋಮಿನಲ್ಲಿ ಶಿಶುಗೃಹವನ್ನು ತೆರೆದ ಮಾಂಟೆಸ್ಸೊರಿಯವರು ಮಗುವಿನ ಸ್ವಾತಂತ್ರ್ಯಕ್ಕೆ ದೊಡ್ಡ ಬೆಲೆ ಕೊಟ್ಟರೂ, ಮಕ್ಕಳಿಗೆ ಹುಸಿ ಅಡಿಗೆಗಿಂತ ನಿಜವಾದ ಮನೆಗೆಲಸವೇ ಮೇಲೆಂದು ಬಗೆದರು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ಮಾಂಟೆಸ್ಸೊರಿಯವರಿಂದ ಬಹಳ ಕಲಿತರೂ, ಕಥೆ ಮತ್ತು ನಾಟಕದಾಟಗಳನ್ನು ಬಿಡಲಿಲ್ಲ. ಕೇಳಿದ ಕಥೆಯನ್ನು ಮಕ್ಕಳು ತಮಗೆ ತೋಚಿದ ಮಾತುಗಳಲ್ಲಿ ಆಡಿ ತೋರಿಸಲಿ ಎಂಬುದು ಅವರ ಕ್ರಮ.

ಕನ್ನಡದಲ್ಲಿ ಈ ಎರಡು ದಾರಿಗಳನ್ನೂ ಬೆಸೆದವರು ಗುಬ್ಬಿ ಕಂಪೆನಿಯಿಂದಲೇ ಬಂದರೆಂಬುದು ನಮ್ಮ ಜಿಲ್ಲೆಗೆ ಹೆಮ್ಮೆಯ ಸಂಗತಿ. 1929ರಲ್ಲಿ ಬಂಟವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ. ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ವೀರಣ್ಣನವರ ಕಂಪೆನಿಯನ್ನು ಸೇರಿದರು. ಈ ಹುಡುಗನಿಗೆ ವಿದ್ಯೆ ಬೇಕೆಂದು ಕಂಡುಕೊಂಡು, ಮುಂದೆ ಕಾಶಿಗೆ ಓದಲು ಕಳುಹಿಸಿದವರು ವೀರಣ್ಣನವರೇ. ಕಂಪೆನಿಯು ಶಾಲೆಗೆ ತೀರಿಸಿದ ಋಣ ಇದೆಂದು ನಾನು ಭಾವಿಸುತ್ತೇನೆ. ಕಾರಂತರು 1969ರಿಂದ 1972ರ ವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕವನ್ನು ಕಲಿಸಿದರು. ಕನ್ನಡದ ಮಕ್ಕಳಿಗಾಗಿ 'ಪಂಜರ ಶಾಲೆ'ಯನ್ನು ಕೊಟ್ಟರು. ರವೀಂದ್ರನಾಥ ಠಾಕೂರರ ಗಿಳಿಯ ಕಥೆ ಅದಕ್ಕೆ ಮೂಲ. ಹಾಡಿಕೊಂಡು ಹಾರಾಡುತ್ತಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನು ಚಿನ್ನದ ಪಂಜರ ಮಾಡಿಸುತ್ತಾನೆ, ಪಂಡಿತರು ಪುಸ್ತಕದ ಹಾಳೆಗಳನ್ನು ಅದರ ಗಂಟಲಿಗೆ ತುರುಕುತ್ತಾರೆ, ಕೊನೆಗೆ ಗಿಳಿ ಸತ್ತುಹೋಗುತ್ತದೆ. ಆ ಪಂಡಿತರ ಸಾಲಿನಲ್ಲಿ ನನ್ನ ಮುಖವೂ ನನಗೆ ಕಂಡದ್ದುಂಟು.

ಸರಕಾರವೂ ಈ ಸತ್ಯವನ್ನು ಒಪ್ಪಿದೆ. 1975ರಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಯನ್ನು ತಂದಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ 'ನಲಿ-ಕಲಿ' ನಾಡಿನ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದ ವರೆಗಿನ ಕಲಿಕೆಗೆ ಆಟವೇ ಆಧಾರವೆಂದು ಸಾರಿತು. ಆದರೆ ನೀತಿಯು ಕಾಗದದಲ್ಲಿದೆ. ಕಿವಿ ಹಿಂಡುವ ಬೆರಳುಗಳು ನಮ್ಮ ಕೈಯಲ್ಲಿವೆ. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ದೊಡ್ಡ ರಂಗಮಂದಿರಗಳು ಬೇಕು, ಸಂದೇಹವಿಲ್ಲ. ಆದರೆ ಐದು ವರ್ಷದ ಮಗುವಿಗೆ ಅಷ್ಟು ದೊಡ್ಡ ರಂಗ ಬೇಡ. ಬಾಡಿಗೆಯ ಕಿರೀಟವೂ, ಧ್ವನಿಮುದ್ರಿತ ಸಂಭಾಷಣೆಗೆ ತುಟಿಯಾಡಿಸುವ ಶಿಕ್ಷೆಯೂ ಬೇಡ. ಮನೆಯಲ್ಲೋ ಶಾಲೆಯಲ್ಲೋ ಒಂದು ಮೂಲೆ, ಎರಡು ಹಳೆಯ ಪಂಚೆ, ನಾಲ್ಕು ಕಾಯಿಚಿಪ್ಪು, ದಿನಕ್ಕೆ ಒಂದಿಷ್ಟು ಹೊತ್ತು ಇದ್ದರೆ ಸಾಕು. ದೊಡ್ಡವರು ಅಲ್ಲಿಗೆ ಹೋಗಬೇಕಾದರೆ, ಒಳಗಿರುವ ದ್ವಾರಪಾಲಕನ ಅಪ್ಪಣೆ ಪಡೆದು, ಪಾದುಕೆಗಳನ್ನು ಹೊರಗೇ ಬಿಟ್ಟು ಹೋಗಲಿ.