ಅಪರಿಚಿತನಿಗೊಂದು ಸಲಾಮ್: ಇಬ್ನು ಬತೂತರ ಒಂಟಿ ಪಯಣ ಮತ್ತು ಕುಮ್ಮಟದುರ್ಗದ ಆಶ್ರಯ

ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯಲ್ಲಿ ಕುಮ್ಮಟದುರ್ಗವೆಂಬ ಹಳೆಯ ಕೋಟೆಯಿದೆ. ಗಂಡುಗಲಿ ಕುಮಾರರಾಮನ ಹೆಸರಿನೊಂದಿಗೆ ಈ ಭಾಗದ ಜನರು ಅದನ್ನು ಬಲ್ಲರು. ಕುಮಾರರಾಮನ ತಂದೆ ಕಂಪಿಲರಾಯನ ಕೊನೆಯ ದಿನಗಳ ವೃತ್ತಾಂತವು 1355ರಲ್ಲಿ ದೂರದ ಮೊರೊಕ್ಕೊ ದೇಶದಲ್ಲಿ ಪೂರ್ಣಗೊಂಡ 'ರಿಹ್ಲಾ' ಎಂಬ ಅರಬಿ ಗ್ರಂಥದಲ್ಲಿಯೂ ಇದೆ. ಅದರ ಕರ್ತೃ ಜಗತ್ಪ್ರಸಿದ್ಧ ಪ್ರವಾಸಿ ಇಬ್ನು ಬತೂತರು. ಪರಸ್ಥಳದಲ್ಲಿ ಅಪರಿಚಿತನಾಗಿರುವುದರ ನೋವು ಏನೆಂಬುದನ್ನು ಅವರು ಸ್ವತಃ ಉಂಡಿದ್ದರು.

1304ರಲ್ಲಿ ತಂಜ ನಗರದಲ್ಲಿ ಜನಿಸಿದ ಇಬ್ನು ಬತೂತರು 1325ರ ಜೂನ್ ತಿಂಗಳಲ್ಲಿ ಹಜ್ಜ್ ಯಾತ್ರೆಗೆಂದು ಮನೆ ಬಿಟ್ಟಾಗ ಅವರಿಗೆ ಕೇವಲ 21 ವರ್ಷ. ಜೊತೆಗೆ ಸಂಗಾತಿಯಿರಲಿಲ್ಲ, ಸೇರಿಕೊಳ್ಳಲು ಯಾತ್ರಿಕರ ತಂಡವೂ ಇರಲಿಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು. ಅವರನ್ನು ಅಗಲುವುದೇ ಮೊದಲ ಸಂಕಟವಾಯಿತು. ಬಿಜಾಯ ಪಟ್ಟಣದಲ್ಲಿ ತೀವ್ರ ಜ್ವರ ಬಂದಿತು. ಗುಣವಾಗುವವರೆಗೆ ಅಲ್ಲಿಯೇ ಉಳಿಯುವಂತೆ ಜೊತೆಗಿದ್ದವರು ಸಲಹೆಯಿತ್ತರು. ಮರಣವೇ ವಿಧಿಯಾಗಿದ್ದರೆ ಅದು ಹಿಜಾಝಿನ ದಾರಿಯಲ್ಲೇ ಬರಲಿ ಎಂದು ಅವರು ಮುಂದೆ ನಡೆದರು. ಬೀಳದಿರಲೆಂದು ಮುಂಡಾಸಿನ ಬಟ್ಟೆಯಿಂದ ತಮ್ಮನ್ನು ಜೀನಿಗೆ ಕಟ್ಟಿಕೊಂಡು ಸವಾರಿ ಮಾಡಿದರು.

ಜ್ವರಕ್ಕೆ ಬಗ್ಗದ ಆ ಯುವಕ ಟ್ಯೂನಿಸ್ ನಗರದ ಹೊರಗೆ ಅತ್ತುಬಿಟ್ಟರು. ನಗರದ ಜನರು ತಮ್ಮವರನ್ನು ಎದುರುಗೊಳ್ಳಲು ಬಂದಿದ್ದರು. ಒಬ್ಬೊಬ್ಬರಿಗೂ ಸಲಾಮ್ ಹೇಳಿ ಕ್ಷೇಮ ವಿಚಾರಿಸಿದರು. ಇವರನ್ನು ಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಯಾರೂ ಮಾತನಾಡಿಸಲಿಲ್ಲ. ಇವರ ಕಣ್ಣೀರನ್ನು ಗಮನಿಸಿದ ಒಬ್ಬ ಯಾತ್ರಿಕ ಬಳಿಗೆ ಬಂದು ಸಲಾಮ್ ಹೇಳಿ, ಸಮಾಧಾನಪಡಿಸಿ, ನಗರ ಪ್ರವೇಶಿಸುವವರೆಗೂ ಜೊತೆಬಿಡದೆ ನಡೆದರು. ಅದಾಗಿ ಕೆಲವೇ ವಾರಗಳಲ್ಲಿ ಟ್ಯೂನಿಸಿನಿಂದ ಹೊರಟ ಹಜ್ಜ್ ತಂಡಕ್ಕೆ ಖಾಝಿಯಾಗಿ ನೇಮಕಗೊಂಡವರು ಇದೇ ಇಬ್ನು ಬತೂತರು!

ಮುಂದಿನ ಹಾದಿಯೂ ಸುಗಮವಾಗಿರಲಿಲ್ಲ. ಕೆಂಪು ಸಮುದ್ರದ ಐಝಾಬ್ ಬಂದರಿನವರೆಗೆ ಹೋಗಿ, ಅಲ್ಲಿನ ಕಾಳಗದಿಂದಾಗಿ ಹಡಗು ಸಿಗದೆ ಹಿಂದಿರುಗಬೇಕಾಯಿತು. 1326ರ ಸೆಪ್ಟೆಂಬರಿನಲ್ಲಿ ದಮಾಸ್ಕಸ್‌ನಿಂದ ಮರುಭೂಮಿಯ ದಾರಿ ಹಿಡಿದರು. ಒಂದು ವರ್ಷ ಬಿಸಿಗಾಳಿಗೆ ನೀರು ಬತ್ತಿ, ಒಂದು ಗುಟುಕಿನ ಬೆಲೆ ಸಾವಿರ ದೀನಾರಿಗೇರಿದ್ದ, ಕೊಂಡವನೂ ಮಾರಿದವನೂ ಉಳಿಯದ ಕಣಿವೆಯೊಂದು ಆ ದಾರಿಯಲ್ಲಿತ್ತು. ಅದನ್ನು ದಾಟಿ ಮದೀನಾ ತಲುಪಿ, ಬಳಿಕ ಮಕ್ಕಾ ಸೇರಿದರು. ಇಬ್ರಾಹೀಮ್(ಅ)ರು ತಮ್ಮ ಕುಟುಂಬವನ್ನು ನೆಲೆಗೊಳಿಸಿದ ಆ ಬೆಂಗಾಡಿನ ನಗರದಲ್ಲಿ ಅವರು ವಿಶೇಷವಾಗಿ ಕಂಡುಕೊಂಡ ಗುಣ ಯಾವುದು? ಮಕ್ಕಾದವರು ದುರ್ಬಲರಿಗೆ ಉಪಕಾರಿಗಳು, ಪರದೇಶಿಗಳ ಬಗ್ಗೆ ಕರುಣೆಯುಳ್ಳವರು ಎಂದು ಅವರು ದಾಖಲಿಸಿದ್ದಾರೆ. ಟ್ಯೂನಿಸಿನ ಹೊರಗೆ ಅತ್ತವರ ಕಣ್ಣಿಗೆ ಆ ಗುಣ ಕಾಣದಿರಲು ಸಾಧ್ಯವೇ?

1333ರಲ್ಲಿ ಅವರು ಹಿಂದೂಸ್ಥಾನಕ್ಕೆ ಬಂದು, ಸುಲ್ತಾನ್ ಮುಹಮ್ಮದ್ ಬಿನ್ ತುಘಲಕನ ದಿಲ್ಲಿಯಲ್ಲಿ ಖಾಝಿಯಾದರು. ಕಂಪಿಲರಾಯನ ವೃತ್ತಾಂತವನ್ನು ಅವರು ತಿಳಿದುಕೊಂಡದ್ದು ಈ ಅವಧಿಯಲ್ಲಿ. ಸುಲ್ತಾನನ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ದಂಗೆಯೆದ್ದು ಸೋತು, ರಾಯನ ಮೊರೆಹೊಕ್ಕನು. 1327ರ ಸುಮಾರಿಗೆ ದಿಲ್ಲಿಯ ಸೇನೆ ರಾಯನನ್ನು ಮುತ್ತಿತು. ಆಹಾರ ಮುಗಿಯುತ್ತ ಬಂದರೂ ರಾಯನು ಆಶ್ರಿತನನ್ನು ಒಪ್ಪಿಸಲಿಲ್ಲ. ಅವನನ್ನು ಬೇರೊಬ್ಬ ಅರಸನಲ್ಲಿಗೆ ಕಳುಹಿಸಿ, ತಾನು ಹೋರಾಡಿ ಮಡಿದನು. ಅರಮನೆಯ ಸ್ತ್ರೀಯರು ಅಗ್ನಿಗೆ ಆಹುತಿಯಾದರು. ಆ ಇನ್ನೊಬ್ಬ ಅರಸ ಹೊಯ್ಸಳ ಮೂರನೆಯ ಬಲ್ಲಾಳನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅವನು ಗುರ್ಷಾಸ್ಪನನ್ನು ಸುಲ್ತಾನನಿಗೆ ಒಪ್ಪಿಸಿದನು. ಒಬ್ಬನು ಆಶ್ರಿತನಿಗಾಗಿ ರಾಜ್ಯವನ್ನು ತೆತ್ತನು. ಇನ್ನೊಬ್ಬನು ರಾಜ್ಯಕ್ಕಾಗಿ ಆಶ್ರಿತನನ್ನು ತೆತ್ತನು.

ಸೆರೆಯಾದ ರಾಯನ ಹನ್ನೊಂದು ಮಕ್ಕಳು ಇಸ್ಲಾಮ್ ಸ್ವೀಕರಿಸಿದರೆಂದೂ ಸುಲ್ತಾನನು ಅವರನ್ನು ಅಮೀರರನ್ನಾಗಿ ಮಾಡಿದನೆಂದೂ ಇಬ್ನು ಬತೂತರು ಬರೆಯುತ್ತಾರೆ. ಅವರಲ್ಲಿ ಸುಲ್ತಾನನ ಕುಡಿಯುವ ನೀರಿಗೆ ಮುದ್ರೆಯೊತ್ತುತ್ತಿದ್ದ ಅಬೂ ಮುಸ್ಲಿಮ್ ತಮ್ಮ ಸ್ನೇಹಿತನಾಗಿದ್ದನೆಂದೂ ಹೇಳುತ್ತಾರೆ. ತಂಜದಿಂದ ಒಂಟಿಯಾಗಿ ಹೊರಟವರಿಗೆ ದಿಲ್ಲಿಯಲ್ಲಿ ದೊರೆತ ಗೆಳೆಯರಲ್ಲಿ ನಮ್ಮ ಕನ್ನಡ ನೆಲದ ಮಗನೂ ಒಬ್ಬನಿದ್ದನು!

ರಾಯನು ಮುಸ್ಲಿಮನಲ್ಲ, ಅವನು ಕಾಪಾಡಿದ್ದು ಮುಸ್ಲಿಮನನ್ನು, ಅವನ ಮೇಲೆ ಸೇನೆ ಕಳುಹಿಸಿದವನು ಮುಸ್ಲಿಮ್ ಸುಲ್ತಾನ. ಇದನ್ನು ಎರಡು ಧರ್ಮಗಳ ಯುದ್ಧವೆಂದು ಓದುವವರಿಗೆ ಈ ಇತಿಹಾಸದ ತಿರುಳು ದಕ್ಕುವುದಿಲ್ಲ. ಅದರ ತಿರುಳು ಶರಣು ಬಂದವನ ಹಕ್ಕು. ಪವಿತ್ರ ಕುರ್‌ಆನ್ ಝಕಾತಿನ ಹಕ್ಕುದಾರರಲ್ಲಿ ದಾರಿಹೋಕನನ್ನೂ ಸೇರಿಸಿದೆ. ಪರಿಚಿತರಿಗೂ ಅಪರಿಚಿತರಿಗೂ ಸಲಾಮ್ ಹೇಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಇಂದು ಕುಷ್ಟಗಿ, ಯಲಬುರ್ಗಾಗಳ ಎಷ್ಟೋ ಮನೆಗಳ ಮಕ್ಕಳು ಗೋವಾ, ಮಂಗಳೂರು, ಬೆಂಗಳೂರುಗಳಲ್ಲಿ ದುಡಿಯುತ್ತಿದ್ದಾರೆ. ಕೊಲ್ಲಿ ರಾಷ್ಟ್ರಗಳ ಮರಳ ನಗರಗಳಿಗೆ ಹೋದವರೂ ಇದ್ದಾರೆ. ಮೊದಲ ರಾತ್ರಿ ಅವರ ಮನದಲ್ಲಿ ಹುಟ್ಟುವ ಸಂಶಯ ಇಬ್ನು ಬತೂತರ ಸಂಶಯಕ್ಕಿಂತ ಬೇರೆಯದಲ್ಲ. ನಮ್ಮ ಮಗನಿಗೆ ಅಲ್ಲಿ ಯಾರಾದರೂ ಸಲಾಮ್ ಹೇಳಲಿ ಎಂದು ನಾವು ದುಆ ಮಾಡುತ್ತೇವೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿಯಲು ಬಂದು, ಜುಮಾ ನಮಾಝಿನ ಬಳಿಕ ಮಸೀದಿಯ ಮೂಲೆಯಲ್ಲಿ ಒಬ್ಬನೇ ಕುಳಿತ ಪರಊರಿನ ಯುವಕನೂ ಯಾರದೋ ಮಗ. ಅವನ ತಾಯಿಯೂ ಅದೇ ದುಆ ಮಾಡುತ್ತಿರಬಹುದು. ಅದಕ್ಕೆ ಉತ್ತರವಾಗುವ ಅವಕಾಶವನ್ನು ಅಲ್ಲಾಹನು ನಮ್ಮ ಕೈಯಲ್ಲಿಟ್ಟಿದ್ದಾನೆ.