ತಲೆಗೆ ಹತ್ತದ ಲೆಕ್ಕ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನಮ್ಮಜ್ಜನದೊಂದು ಕಿರಾಣಿ ಅಂಗಡಿಯಿತ್ತು. ತೊಗರಿಬೇಳೆ ಎಷ್ಟು ಸೇರು, ದರ ಎಷ್ಟು ಎಂದರೆ ಸಾಕು, ಪೆನ್ಸಿಲ್ ಮುಟ್ಟದೆ ಬಾಕಿ ಹೇಳುತ್ತಿದ್ದ. ಆದರೆ ನಾನು ಶಾಲೆಯ ಲೆಕ್ಕ ಹಿಡಿದು ಹೋದರೆ, ‘ನಾ ದಡ್ಡಪ್ಪ, ಸಾಲಿ ನನ್ನ ತಲಿಗಿ ಹತ್ತಲಿಲ್ಲ’ ಎಂದು ಪಾಟಿ ತಿರುಗಿ ಕೊಡುತ್ತಿದ್ದ.

ಈ ಮಾತಿನ ಬೇರು ನಿಜಾಮರ ಕಾಲದಲ್ಲಿದೆ. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಇಂಗ್ಲಿಷಿನ ಎದುರು ದೇಶಭಾಷೆಯೊಂದಕ್ಕೆ ಸಿಕ್ಕ ದೊಡ್ಡ ಗೌರವ ಅದು. ಆದರೆ ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ಲೆಕ್ಕಕ್ಕಿಂತ ಮೊದಲು ಲೆಕ್ಕದ ಭಾಷೆಯೇ ಅಡ್ಡ ನಿಲ್ಲುತ್ತಿತ್ತು. ಅಜ್ಜ ಎಡವಿದ್ದು ಭಾಷೆಯಲ್ಲಿ. ದೂರಿದ್ದು ತನ್ನ ತಲೆಯನ್ನು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಕನ್ನಡದ ರಾಜ್ಯಕ್ಕೆ ಸೇರಿದೆವು. 1958ರಲ್ಲಿ ಮಹಾದೇವಪ್ಪ ರಾಂಪುರೆ ಅವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. 1980ರಲ್ಲಿ ವಿಶ್ವವಿದ್ಯಾಲಯವೂ ಬಂತು. ಕಾರಣ ಕರಗಿದರೂ ಮಾತು ಕರಗಲಿಲ್ಲ. 2002ರ ನಂಜುಂಡಪ್ಪ ವರದಿ ರಾಜ್ಯದ 39 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತು; ಅವುಗಳಲ್ಲಿ 21 ನಮ್ಮ ವಿಭಾಗದವು. ಅದು ಅನುದಾನ ಕೇಳಲು ಬೇಕಾದ ಪದ. ಮಕ್ಕಳು ಮಾತ್ರ ಅದನ್ನು ತಮ್ಮ ಬುದ್ಧಿಗೇ ಅಂಟಿಸಿಕೊಂಡರು.

ಹೋದ ವರ್ಷ ನನ್ನಲ್ಲಿ ಗಣಿತ ಕೇಳಲು ಬರುತ್ತಿದ್ದ ಕಮಲಾಪುರದ ಹುಡುಗನೊಬ್ಬ, ‘ನಮ್ ಕಡಿ ಮಂದಿಗಿ ಗಣಿತ ಹತ್ತಲ್ರಿ ಸರ್’ ಎಂದ. ನನಗೆ ಅಜ್ಜನ ದನಿಯೇ ಕೇಳಿಸಿತು. ‘ಇಲ್ಲೋ, ನೀ ಭಾಳ ಶಾಣ್ಯಾ ಇದ್ದಿ’ ಎಂದುಬಿಟ್ಟೆ. ಅದೂ ತಪ್ಪೇ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಐದನೆಯ ತರಗತಿಯ ಮಕ್ಕಳಲ್ಲಿ ಕಂಡದ್ದು ಇದು: ‘ಜಾಣ’ ಎಂದು ಹೊಗಳಿಸಿಕೊಂಡವರು ಕಠಿಣ ಸಮಸ್ಯೆಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು, ಶ್ರಮಕ್ಕೆ ಹೊಗಳಿಕೆ ಪಡೆದವರು ಮತ್ತೆ ಯತ್ನಿಸಿದರು. ದಡ್ಡ, ಜಾಣ ಎರಡೂ ಹಣೆಪಟ್ಟಿಗಳೇ.

ನಂಬಿಕೆಯೊಂದೇ ಸಾಲದು ನಿಜ. ಮೇಷ್ಟ್ರು ಬೇಕು, ಪುಸ್ತಕ ಬೇಕು, ಹೊತ್ತಿಗೆ ಬರುವ ಬಸ್ಸು ಬೇಕು. 371(ಜೆ) ವಿಧಿಗಾಗಿ ಈ ಭಾಗ ಹೋರಾಡಿದ್ದೂ ಅವಕಾಶಕ್ಕಾಗಿಯೇ. ಆದರೆ ತೆರೆದ ಬಾಗಿಲನ್ನೂ ‘ಇದು ನನ್ನದಲ್ಲ’ ಎಂದು ದಾಟಿ ಹೋಗುವವರುಂಟು.

ಆ ಹುಡುಗನಿಗೆ ಅಜ್ಜನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ಅಜ್ಜಾರು ದಡ್ಡ ಇರಲಿಲ್ರಿ’ ಎಂದ. ಬಿಟ್ಟಿದ್ದ ಲೆಕ್ಕವನ್ನು ಮತ್ತೆ ಎಳೆದುಕೊಂಡ. ಎರಡನೆಯ ಹಂತದಲ್ಲಿ ಮತ್ತೆ ತಪ್ಪಿದ. ಈ ಸಲ ಹಾಳೆ ನನ್ನ ಕಡೆ ತಳ್ಳಲಿಲ್ಲ.