ಆರಂಭಿಕ ಶಿಲ್ಕಿನ ಪ್ರಶ್ನೆ: ಚಿತ್ರದುರ್ಗ ಸೀಮೆಯ ಸೊಸೈಟಿಗಳು ಮತ್ತು ಇಆರ್‌ಪಿ

ಹೊಳಲ್ಕೆರೆಯ ಅಡಿಕೆ ಬೆಳೆಗಾರರಿಗೂ ಹಿರಿಯೂರಿನ ಶೇಂಗಾ ರೈತರಿಗೂ ಸೊಸೈಟಿ ಎಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೇ. ಬೆಳೆ ಸಾಲ ಅಲ್ಲಿ, ಗೊಬ್ಬರ ಅಲ್ಲಿ, ಎಷ್ಟೋ ಊರುಗಳಲ್ಲಿ ಪಡಿತರವೂ ಅಲ್ಲೇ. ಇಂಥ 63,000 ಸಂಘಗಳನ್ನು, ಎಲ್ಲ ವ್ಯವಹಾರವನ್ನೂ ಒಂದೆಡೆ ಜೋಡಿಸುವ ಒಂದೇ ಇಆರ್‌ಪಿ ತಂತ್ರಾಂಶದಡಿ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಂಘದ ಲೆಕ್ಕವನ್ನು ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕು ಮತ್ತು ಅಪೆಕ್ಸ್ ಬ್ಯಾಂಕುಗಳ ಮೂಲಕ ನಬಾರ್ಡ್‌ವರೆಗೆ ಜೋಡಿಸುವುದು ಇದರ ಉದ್ದೇಶ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸಂಘಗಳಲ್ಲಿ ಈ ವ್ಯವಸ್ಥೆ ಬೇರೂರಲು ಏನು ಬೇಕು ಎಂಬುದಷ್ಟೇ ಈ ಟಿಪ್ಪಣಿಯ ವಿಚಾರ.

ಇಆರ್‌ಪಿ ಯಶಸ್ಸಿನ ಅಂಶಗಳನ್ನು ಚರ್ಚಿಸುವವರು ಸಾಮಾನ್ಯವಾಗಿ ಮೇಲಧಿಕಾರಿಗಳ ಬೆಂಬಲ, ತರಬೇತಿ, ವೇಳಾಪಟ್ಟಿಗಳ ಹೆಸರು ಹೇಳುತ್ತಾರೆ. ಸಂಶೋಧಕರಾದ ಹಾಲೆಂಡ್ ಮತ್ತು ಲೈಟ್ 1999ರಲ್ಲಿ ಪ್ರಕಟಿಸಿದ ಮಾದರಿ ಇವುಗಳ ಜೊತೆಗೆ ಸಂಸ್ಥೆಯಲ್ಲಿ ಮೊದಲೇ ಇರುವ ಹಳೆಯ ವ್ಯವಸ್ಥೆಯನ್ನೂ ಎಣಿಸಿತು. ಸೊಸೈಟಿಯ ಮಟ್ಟಿಗೆ ಅದೇ ಮೊದಲನೆಯ ಅಂಶ ಎಂದು ನನ್ನ ವಾದ. ಇಲ್ಲಿ ಹಳೆಯ ವ್ಯವಸ್ಥೆ ಎಂದರೆ ಕೈಬರಹದ ಲೆಡ್ಜರು.

ತಂತ್ರಾಂಶ ಶುರುವಾಗುವ ದಿನ ಪ್ರತಿ ಸದಸ್ಯರ ಷೇರು, ಠೇವಣಿ, ಸಾಲದ ಅಸಲು, ಬಡ್ಡಿ, ವಾಯಿದೆಯ ದಿನಾಂಕ ಎಲ್ಲವೂ ಆರಂಭಿಕ ಶಿಲ್ಕಾಗಿ ಒಳಹೋಗಬೇಕು. ಸದಸ್ಯರ ಖಾತೆಗಳ ಮೊತ್ತ ಸಾಮಾನ್ಯ ಖಾತೆಗೆ ತಾಳೆಯಾಗಬೇಕು. ಸದಸ್ಯರು ಸಂಘಕ್ಕೆ ಕೊಡಬೇಕಾದದ್ದಕ್ಕೂ ಸಂಘ ಡಿಸಿಸಿ ಬ್ಯಾಂಕಿಗೆ ಕೊಡಬೇಕಾದದ್ದಕ್ಕೂ ಅಂತರವಿದ್ದರೆ ಅದು ಏಕೆಂದು ಬರಹದಲ್ಲಿ ಇರಬೇಕು. ಈ ಕೆಲಸ ಮುಗಿಯದೆ ಅಂಕಿ ತುಂಬಿದರೆ ಹಳೆಯ ತಪ್ಪಿಗೆ ಕಂಪ್ಯೂಟರಿನ ಮುದ್ರೆ ಬೀಳುತ್ತದೆ, ಆಮೇಲೆ ಅದನ್ನು ಪ್ರಶ್ನಿಸುವುದು ರೈತರಿಗೆ ಇನ್ನೂ ಕಷ್ಟ.

ಇದು ಬರೀ ಲೆಕ್ಕಿಗರ ಚಿಂತೆಯಲ್ಲ. ಕರ್ನಾಟಕದಲ್ಲಿ ಶೂನ್ಯ ಬಡ್ಡಿ ಬೆಳೆ ಸಾಲದ ಮಿತಿಯನ್ನು 2023ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಆ ಸೌಲಭ್ಯ ಸಿಗುವುದು ವಾಯಿದೆಯೊಳಗೆ ಸಾಲ ತೀರಿಸಿದವರಿಗೆ. ಲೆಡ್ಜರಿನಿಂದ ಎತ್ತಿ ಬರೆಯುವಾಗ ದಿನಾಂಕ ತಪ್ಪಿದರೆ, ನಿಯತ್ತಾಗಿ ಕಟ್ಟಿದವರ ತಲೆಗೇ ಬಡ್ಡಿ ಬರುತ್ತದೆ. ರಾಜ್ಯದ 2018ರ ಸಾಲ ಮನ್ನಾದಲ್ಲಿ ಭೂದಾಖಲೆಗಳ ‘ಭೂಮಿ’ ಕೋಶದ ತಂತ್ರಾಂಶ ಸಾಲದ ಖಾತೆಯನ್ನು ಆಧಾರ್, ಪಡಿತರ ಚೀಟಿ, ಪಹಣಿಯೊಂದಿಗೆ ಹೋಲಿಸಿ ನೋಡುತ್ತಿತ್ತು. ಜಂಟಿ ಪಹಣಿ, ಪೌತಿ ಖಾತೆಯಾಗದೆ ತಾತನ ಹೆಸರಲ್ಲೇ ಉಳಿದ ಜಮೀನು, ಆಧಾರಿನಲ್ಲೊಂದು ಲೆಡ್ಜರಿನಲ್ಲೊಂದು ಹೆಸರು: ಇಂಥ ತೊಡಕುಗಳನ್ನು ಯಾವ ತಂತ್ರಾಂಶವೂ ತಾನಾಗಿ ಬಿಡಿಸಲಾರದು.

ಎರಡನೆಯ ಅಂಶ ಸಿಬ್ಬಂದಿ. ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು ಎಂಬುದು ಇಆರ್‌ಪಿಯ ಮೂಲ ಕಟ್ಟು. ಕಾರ್ಯದರ್ಶಿಯೊಬ್ಬರೇ ಇರುವ ಸಂಘದಲ್ಲಿ ಎರಡು ಪಾಸ್‌ವರ್ಡೂ ಒಂದೇ ಕೈಯಲ್ಲಿ ಸೇರಿ ಆ ಕಾವಲು ಹೆಸರಿಗಷ್ಟೇ ಉಳಿಯುತ್ತದೆ. ಅದೇ ಕಾರ್ಯದರ್ಶಿ ಗೊಬ್ಬರದ ಪಿಒಎಸ್ ಯಂತ್ರಕ್ಕೂ ಪಡಿತರದ ಯಂತ್ರಕ್ಕೂ ರಾಜ್ಯದ ರೈತ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ಗೂ ವಿವರ ಕೊಡಬೇಕು. ಹೊಸ ತಂತ್ರಾಂಶದ ಜೊತೆ ಲೆಡ್ಜರನ್ನೂ ಬಹುಕಾಲ ಬರೆಸಿದರೆ ಸೋಲುವುದು ತಂತ್ರಾಂಶವೇ. ಹತ್ತಿರದ ಎರಡು ಮೂರು ಸಂಘಗಳಿಗೆ ಒಬ್ಬ ಪರಿಶೀಲಕರನ್ನು ಡಿಸಿಸಿ ಬ್ಯಾಂಕಿನಿಂದ ಕೊಡುವುದು ಹೊಸ ಕಂಪ್ಯೂಟರಿಗಿಂತ ಹೆಚ್ಚು ಫಲ ಕೊಡಬಹುದು.

ತಂತ್ರಾಂಶಕ್ಕೆ ಸೇರ್ಪಡೆಯಾದ ಸಂಘಗಳ ಸಂಖ್ಯೆಯನ್ನೇ ಯಶಸ್ಸೆಂದು ಎಣಿಸುವುದನ್ನು ನಾನು ಒಪ್ಪಲಾರೆ. ಆಯಾ ದಿನದ ಲೆಕ್ಕ ಅಂದೇ ಮುಗಿಯುವ ‘ಡೇ-ಎಂಡ್’ ನಡೆಯುತ್ತಿದೆಯೇ, ಲೆಕ್ಕಪರಿಶೋಧಕರು ಕೈಪುಸ್ತಕ ಕೇಳುವುದನ್ನು ನಿಲ್ಲಿಸಿದ್ದಾರೆಯೇ ಎಂಬುದನ್ನು ನೋಡಬೇಕು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಹುಟ್ಟಿದ ಸಂಘಕ್ಕೆ ಒಂದೇ ಊರಿನವರ ಪರಸ್ಪರ ಪರಿಚಯವೇ ಆಧಾರವಾಗಿತ್ತು. ತಾಳೆ ನೋಡುವ ಕೆಲಸಕ್ಕೂ ಆ ಬಲವನ್ನು ಬಳಸಬಹುದು. ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಅದರ ತಿಳಿವಳಿಕೆ ಪತ್ರದ ಜೊತೆ ಪ್ರತಿ ಸದಸ್ಯರಿಗೂ ಅವರ ಖಾತೆಯ ಶಿಲ್ಕು ಚೀಟಿ ಕನ್ನಡದಲ್ಲಿ ಹೋಗಲಿ. ತಕರಾರಿದ್ದವರು ರಸೀದಿ ತರಲಿ, ತಕರಾರಿಲ್ಲದವರು ಚೀಟಿಗೆ ಸಹಿ ಹಾಕಿ ಹಿಂದಿರುಗಿಸಲಿ. ತಕರಾರು ಇತ್ಯರ್ಥವಾಗುವವರೆಗೆ ಆ ಖಾತೆಯ ಶಿಲ್ಕನ್ನು ತಂತ್ರಾಂಶದಲ್ಲಿ ಅಂತಿಮಗೊಳಿಸಬಾರದು.